ದಫೇದಾರ ತಾತನ ಊರು ಯಾವುದು?



ನವೆಂಬರ್ ತಿಂಗಳು ಹತ್ತಿರವಾದಂತೆ ನಮ್ಮ ಗುರುಮನೆಯ ಮೇಜಿನ ಮೇಲೆ ಚೀಟಿಗಳು ಬಂದು ಬೀಳತೊಡಗುತ್ತವೆ. ಮೃತರ ಸ್ಮರಣೆಯ ಬಲಿಪೂಜೆಯಲ್ಲಿ ಓದಲು ಕುಟುಂಬದವರು ಬರೆದುಕೊಡುವ ಹೆಸರುಗಳು ಅವು. ಬಹುಪಾಲು ಚೀಟಿಗಳ ಧಾಟಿ ಒಂದೇ. ಮೊದಲು ತಂದೆ, ತಾಯಿ. ನಂತರ ಅಜ್ಜ, ಅಜ್ಜಿ. ಅಲ್ಲಿಗೆ ನೆನಪು ಮುಗಿದು 'ನಮ್ಮ ವಂಶದ ಸಕಲ ಮೃತರು' ಎಂಬ ಒಂದು ಸಾಲು. ಅಜ್ಜನ ಅಪ್ಪನ ಹೆಸರು ಬಲ್ಲ ಮನೆ ನಮ್ಮ ಧರ್ಮಕೇಂದ್ರದಲ್ಲಿ ಹತ್ತಕ್ಕೆ ಒಂದಿರಬಹುದು. ನಮ್ಮದೇ ಮನೆಯ ಮಾತು ಕೇಳಿದರೆ ನಾವೂ ತಲೆ ತಗ್ಗಿಸಬೇಕಾದೀತು.

ಅಂಥ ಒಂದು ನವೆಂಬರಿನಲ್ಲಿ ಎಂಬತ್ತು ದಾಟಿದ ಹಿರಿಯರೊಬ್ಬರು ಚೀಟಿಯ ಬದಲು ಒಂದು ಕರವಸ್ತ್ರದ ಗಂಟು ತಂದು ಮೇಜಿನ ಮೇಲಿಟ್ಟರು. ಬಿಚ್ಚಿದರೆ ಒಳಗೆ ಅಂಗೈಯಗಲದ ಹಿತ್ತಾಳೆ ಬಿಲ್ಲೆ. ತಿಕ್ಕಿ ತಿಕ್ಕಿ ಅಕ್ಷರಗಳೆಲ್ಲ ಸವೆದು ಹೋಗಿದ್ದವು.

"ನಮ್ ತಾತಂದು ಸ್ವಾಮಿ. ದಂಡಲ್ಲಿ ದಫೇದಾರ ಆಗಿದ್ರಂತೆ. ಗಜ್ಜಲಹಟ್ಟಿ ಕಣಿವೆ ತಾವ ಗಡಿ ಕಾಯ್ತಿದ್ದ ವಂಶ ನಮ್ದು ಅಂತ ಅಪ್ಪ ಹೇಳ್ತಿದ್ರು. ಊರು ಮಾತ್ರ ಯಾವ್ದು ಅಂತ ಗೊತ್ತಿಲ್ಲ. ಕೊಯಮತ್ತೂರು ಕಡೆಯೋರು ಅಂತಾರೆ. ನಾನು ಹೋಗೋದ್ರೊಳ್ಗೆ ಒಂದ್ಸಾರಿ ಆ ಊರು ನೋಡ್ಬೇಕು."

ಜೊತೆಯಲ್ಲಿ ಬಂದಿದ್ದ ಮಗನಿಗೆ ಇದರಲ್ಲಿ ಬೇರೆಯದೇ ಆಸಕ್ತಿ ಇತ್ತು. ಮಗಳಿಗೆ ಸಂಬಂಧ ನೋಡುತ್ತಿದ್ದರು. ಗಂಡಿನ ಕಡೆಯವರು 'ನಿಮ್ಮ ಮೂಲ ಎಲ್ಲಿಯದು' ಎಂದು ಎರಡು ಬಾರಿ ಕೇಳಿದ್ದರಂತೆ. ಮೂಲ ಎಂಬ ಮಾತಿನ ಹಿಂದೆ ಯಾವ ಪ್ರಶ್ನೆ ಅಡಗಿದೆ ಎಂಬುದು ನಿಮಗೂ ಗೊತ್ತು, ನಮಗೂ ಗೊತ್ತು. ಕ್ರೈಸ್ತರಲ್ಲಿ ಜಾತಿ ಇಲ್ಲವೆಂದು ಪೀಠದಲ್ಲಿ ನಿಂತು ಹೇಳುತ್ತೇವೆ. ಮದುವೆ ಮಾತಿಗೆ ಕೂತಾಗ ಮೆಲ್ಲನೆ ಕೇಳಿಯೂ ಕೇಳುತ್ತೇವೆ. ಗಡಿ ಕಾದ ದಂಡಿನವರು ಎಂದು ಕಾಗದದಲ್ಲಿ ಸಿಕ್ಕಿಬಿಟ್ಟರೆ ಅನುಕೂಲ ಎಂದು ಆತ ನೇರವಾಗಿಯೇ ಹೇಳಿದರು.

ನಾವು ಮೊದಲು ಮಾಡಿದ್ದು ಮಕ್ಕಳಾಟದ ಕೆಲಸ. ಬಿಲ್ಲೆಯ ಮೇಲೆ ತೆಳು ಕಾಗದ ಹರಡಿ ಪೆನ್ಸಿಲ್ ಓರೆ ಹಿಡಿದು ಉಜ್ಜಿದೆವು. ಕಣ್ಣಿಗೆ ಕಾಣದ ಅಕ್ಷರಗಳು ಕಾಗದದ ಮೇಲೆ ಮಸುಕಾಗಿ ಮೂಡಿದವು: ತಾಲ್ಲೂಕು ಎಂಬುದರ ಅರ್ಧ, ಅದರ ಕೆಳಗೆ ಕೊಳ್ಳೇಗಾಲ. ಅದು ಯುದ್ಧದ ಪದಕವಲ್ಲ, ಕಚೇರಿಯ ಡವಾಲಿ ಬಿಲ್ಲೆ. ದಫೇದಾರ ಎಂದರೆ ಕುದುರೆ ದಂಡಿನಲ್ಲಿ ಒಂದು ದರ್ಜೆ ಹೌದು. ಆದರೆ ಸಾಹೇಬರ ಕಚೇರಿ ಬಾಗಿಲಲ್ಲಿ ಪಟ್ಟಿ ತೊಟ್ಟು ನಿಲ್ಲುವ ಜವಾನರ ಮುಖ್ಯಸ್ಥನನ್ನೂ ದಫೇದಾರ ಎಂದೇ ಕರೆಯುತ್ತಾರೆ. ಹಿರಿಯರು ಕಾಗದವನ್ನು ಬಹಳ ಹೊತ್ತು ನೋಡಿದರು. ಮಗ ಮಾತಾಡಲಿಲ್ಲ.

ಕೊಳ್ಳೇಗಾಲದ ಕಚೇರಿ ಎಂದಾದರೆ ಕೊಯಮತ್ತೂರಿನ ಮಾತು ಎಲ್ಲಿಂದ ಬಂತು ಎಂದು ನಮ್ಮ ಯುವಕರು ಕೇಳಬಹುದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಂಗುನಾಡು ಕಂಪನಿ ಸರ್ಕಾರದ ಕೈಸೇರಿತು. ಅದರೊಂದಿಗೆ ಕೊಳ್ಳೇಗಾಲವೂ ಹೋಯಿತು. ಮೊದಲು ಎರಡು ಭಾಗವಾಗಿದ್ದ ಆಡಳಿತ 1804ರಲ್ಲಿ ಒಂದಾಗಿ ಕೊಯಮತ್ತೂರು ಜಿಲ್ಲೆಯಾಯಿತು. ಅಂದಿನಿಂದ 1956ರ ನವೆಂಬರ್ 1ರ ತನಕ ಕೊಳ್ಳೇಗಾಲ ತಾಲ್ಲೂಕು ಮದರಾಸಿಗೆ ಸೇರಿದ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು ಮತ್ತು ಇಂಗ್ಲಿಷ್. ಹೀಗಾಗಿ ಕೊಳ್ಳೇಗಾಲದ ಹಳೆಯ ಕಾಗದ ಹುಡುಕುವವರು ಮೈಸೂರಿಗಿಂತ ಮೊದಲು ಕೊಯಮತ್ತೂರಿನ ಕಡೆ ನೋಡಬೇಕು. ಅಲ್ಲಿಯೂ ಜಿಲ್ಲೆಗಳು ಒಡೆದಿವೆ. ನೀಲಗಿರಿ 1868ರಲ್ಲಿ ಬೇರೆಯಾಯಿತು. ಈರೋಡು ಕಡೆ 1979ರಲ್ಲಿ, ತಿರುಪ್ಪೂರು 2009ರಲ್ಲಿ. ಹಳೆಯ ಕಾಗದದಲ್ಲಿ ಕೊಯಮತ್ತೂರು ಜಿಲ್ಲೆ ಧಾರಾಪುರಂ ತಾಲ್ಲೂಕು ಎಂದಿದ್ದರೆ ಇಂದು ಅದು ತಿರುಪ್ಪೂರು ಜಿಲ್ಲೆ.

ಧರ್ಮಸಭೆಯ ಗಡಿಗಳೂ ಹೀಗೆಯೇ ಸರಿದಾಡಿವೆ. ಮೈಸೂರು, ಕೊಯಮತ್ತೂರು ಎರಡೂ ಪುದುಚೇರಿಯ ಫ್ರೆಂಚ್ ಮಿಷನ್ನಿನ ಮಡಿಲಿನಿಂದ ಎದ್ದು, 1850ರಲ್ಲಿ ಪ್ರತ್ಯೇಕ ಪ್ರೇಷಿತ ಪ್ರಾಂತ್ಯಗಳಾಗಿ, 1886ರಲ್ಲಿ ಧರ್ಮಪ್ರಾಂತ್ಯಗಳಾದವು. 1940ರಲ್ಲಿ ಕೊಯಮತ್ತೂರಿನ ಒಂದಿಷ್ಟು ಭಾಗ ಮೈಸೂರಿಗೆ ಬಂತು. 1955ರಲ್ಲಿ ಮೈಸೂರಿನಿಂದ ಊಟಿ ಧರ್ಮಪ್ರಾಂತ್ಯ ಹುಟ್ಟಿತು. ಒಂದೇ ಕುಟುಂಬದ ಮೂರು ತಲೆಮಾರಿನ ಕಾಗದ ಮೂರು ಧರ್ಮಾಧ್ಯಕ್ಷರ ವ್ಯಾಪ್ತಿಯಲ್ಲಿ ಹಂಚಿಹೋಗಿದ್ದರೆ ಆಶ್ಚರ್ಯವಿಲ್ಲ.

ನಾವು ಹಿಂದಕ್ಕೆ ನಡೆದೆವು. ಹಿರಿಯರ ಜ್ಞಾನಸ್ನಾನದ ದಾಖಲೆಯಿಂದ ಅವರ ತಂದೆಯದಕ್ಕೆ. ತಂದೆಯ ದಾಖಲೆಯ ಅಂಚಿನಲ್ಲಿ ಅವರ ಮದುವೆಯ ವಿವರವಿತ್ತು. ವಿವಾಹವಾದುದನ್ನು ಜ್ಞಾನಸ್ನಾನದ ಪುಸ್ತಕದಲ್ಲಿಯೂ ಗುರುತಿಸಬೇಕೆಂಬ ನಿಯಮ 1908ರ ಪಾಸ್ಖ ಹಬ್ಬದಿಂದ ಜಾರಿಗೆ ಬಂತು. ಆ ಅಂಚಿನ ಬರಹ ಎಷ್ಟು ಕುಟುಂಬಗಳಿಗೆ ದಾರಿ ತೋರಿಸಿದೆಯೋ ಲೆಕ್ಕವಿಲ್ಲ. ಅದೇ ಸಾಲಿನಲ್ಲಿ ತಾತನ ಹೆಸರು, ಮುಂದೆ ದಫೇದಾರ ಎಂಬ ಉದ್ಯೋಗ, ಬಳಿಕ ಈಗಿನ ತಿರುಪ್ಪೂರು ಜಿಲ್ಲೆಗೆ ಸೇರಿದ ಒಂದು ಹಳೆಯ ಧರ್ಮಕೇಂದ್ರದ ಹೆಸರು ಸಿಕ್ಕಿತು. ಆ ಊರಿನ ಹೆಸರನ್ನೂ ಕುಟುಂಬದ ಹೆಸರನ್ನೂ ಬರೆಯಬೇಡಿರೆಂದು ಮನೆಯವರು ಕೇಳಿಕೊಂಡಿದ್ದಾರೆ. ಆದ್ದರಿಂದ ಬಿಟ್ಟಿದ್ದೇವೆ.

ಹೆಸರಿನ ವಿಷಯದಲ್ಲಿ ಒಂದು ಮಾತು. ನಮ್ಮ ಮನೆಗಳ ಚೌರಪ್ಪ ತಮಿಳಿನಲ್ಲಿ ಸವರಿಮುತ್ತು, ಲತೀನಿನಲ್ಲಿ ಕ್ಸಾವೇರಿಯುಸ್. ಇನ್ನಾಸಪ್ಪ ಎಂದರೆ ಇಗ್ನಾಸಿಯುಸ್, ರಾಯಪ್ಪ ಎಂದರೆ ಪೇತ್ರ, ಚಿನ್ನಪ್ಪ ಎಂದರೆ ಪೌಲ, ಅರುಳಪ್ಪ ಎಂದರೆ ಯೊವಾನ್ನ. ಫ್ರೆಂಚ್ ಗುರುಗಳು ತಮಿಳು ಹೆಸರನ್ನು ತಮ್ಮ ಕಿವಿಗೆ ಬಿದ್ದಂತೆ, ತಮ್ಮ ಭಾಷೆಯ ಕಾಗುಣಿತದಲ್ಲಿ ಬರೆದರು. ನಮ್ಮ ಒಂದು 'ಉ'ಕಾರಕ್ಕೆ ಅವರದು ಎರಡು ಅಕ್ಷರ, 'ಚ'ಕಾರಕ್ಕೆ ಮೂರು. ಬೆಂಗಳೂರಿನಲ್ಲಿ ಕುಳಿತು ಚೌರಪ್ಪನೆಂದೇ ಹುಡುಕುವವರಿಗೆ ಆತ ಎಂದೆಂದಿಗೂ ಸಿಗುವುದಿಲ್ಲ. ಗುರುಮಠದಲ್ಲಿ ಗೊಣಗಿಕೊಂಡು ಕಲಿತ ಲತೀನು ನಮಗೆ ಉಪಯೋಗಕ್ಕೆ ಬಂದ ದಿನಗಳು ಕಡಿಮೆ. ಇದು ಅವುಗಳಲ್ಲೊಂದು.

ಜನವರಿಯ ಒಂದು ಬೆಳಗ್ಗೆ ಮೂವರೂ ಹೊರಟೆವು. ಚಾಮರಾಜನಗರ ದಾಟಿ ಹಾಸನೂರು, ಆಮೇಲೆ ದಿಂಬಂ ಘಾಟಿಯ 27 ತಿರುವುಗಳು. ರಾಜ್ಯ ತಮಿಳುನಾಡಾದರೂ ತಾಳವಾಡಿ ಕಡೆಯ ಹಳ್ಳಿಗಳಲ್ಲಿ ಇಂದಿಗೂ ಕನ್ನಡವೇ ಮನೆಮಾತು. ಘಾಟಿಯ ಪಶ್ಚಿಮಕ್ಕೆ ಮೋಯಾರ್ ಕಣಿವೆಯತ್ತ ಕೈತೋರಿಸಿ ಗಜ್ಜಲಹಟ್ಟಿ ಆ ಕಡೆ ಎಂದೆವು. 1790ರ ಸೆಪ್ಟೆಂಬರಿನಲ್ಲಿ ಟಿಪ್ಪುವಿನ ಸೈನ್ಯ ಇಳಿದು ಬಂದದ್ದು ಅದೇ ಕಣಿವೆಯಿಂದ; ಸತ್ಯಮಂಗಲದ ಹತ್ತಿರ ಕರ್ನಲ್ ಫ್ಲಾಯ್ಡನ ದಂಡಿನೊಂದಿಗೆ ಕಾದಾಡಿತು. ಕಣಿವೆಯ ಕೆಳಗೆ ಹೊಯ್ಸಳರ ದಣ್ಣಾಯಕರು ಕಟ್ಟಿದ ದಣ್ಣಾಯಕನ ಕೋಟೆ ಇತ್ತು. ಅದು ಈಗ ಭವಾನಿಸಾಗರ ಅಣೆಕಟ್ಟಿನ ನೀರಿನೊಳಗಿದೆ. ಬರ ಬಿದ್ದು ನೀರು ಇಳಿದ ವರ್ಷ ಅಲ್ಲಿಯ ದೇವಾಲಯದ ಕಲ್ಲುಗಳು ಹೊರಗೆ ಕಾಣುತ್ತವೆ.

"ನಮ್ಮೋರು ಇಲ್ಲೇ ಇದ್ದಿರ್ಬೇಕು," ಎಂದರು ಹಿರಿಯರು. ಇನ್ನೂ ಆಸೆ ಬಿಟ್ಟಿರಲಿಲ್ಲ.

ದಾರಿಯುದ್ದಕ್ಕೂ ಮಗನ ಮಾತು ಒಂದೇ: ಬಿಳಿಯರ ವಂಶವಾದರೆ ಎಲ್ಲ ಸಿಗುತ್ತದೆ, ನಮ್ಮಂಥವರದು ಯಾರು ಬರೆದಿಡುತ್ತಾರೆ ಫಾದರ್? ಅದರಲ್ಲಿ ಸತ್ಯವಿದೆ. ಮದರಾಸು ಪ್ರಾಂತ್ಯದ ಜ್ಞಾನಸ್ನಾನ, ಮದುವೆ, ಸಮಾಧಿಗಳ ಪ್ರತಿಗಳು 1698ರಿಂದ ಲಂಡನ್ನಿಗೆ ಹೋಗಿ ಇಂದು ಬ್ರಿಟಿಷ್ ಲೈಬ್ರರಿಯಲ್ಲಿ ಕೂತಿವೆ. ಆ ಪುಟಗಳಲ್ಲಿ ಹೆಚ್ಚಿನಂಶ ಯೂರೋಪಿನವರು ಮತ್ತು ಅವರ ಸಂತತಿ. ಅದೇ ಸೇನೆಯ ಸಿಪಾಯಿಯ ಮಗುವಿಗೆ ಅಲ್ಲಿ ಜಾಗವಿಲ್ಲ. ಮದರಾಸು ಸೀಮೆಯ ಗೋರಿಕಲ್ಲುಗಳ ಬರಹಗಳನ್ನು ಜೂಲಿಯನ್ ಕಾಟನ್ ಎಂಬ ಅಧಿಕಾರಿ 1905ರಲ್ಲೇ ಪುಸ್ತಕ ಮಾಡಿದರು. ಕಲ್ಲು ನೆಡಿಸುವ ಶಕ್ತಿ ಇದ್ದವರಿಗೆ ಮಾತ್ರ ಅದರಲ್ಲಿ ಸ್ಥಾನ ಸಿಕ್ಕಿತು.

ಹಾಗೆಂದು ದೊಡ್ಡವರೆಲ್ಲ ಸುಲಭವಾಗಿ ಸಿಕ್ಕಿದರೆಂದೂ ತಿಳಿಯಬೇಡಿ. ಜಾನ್ ಸಲ್ಲಿವನ್ ಎಂಬವರು ಕೊಯಮತ್ತೂರಿನ ಕಲೆಕ್ಟರಾಗಿ 1830ರವರೆಗೆ ಇದ್ದರು. 1819ರಲ್ಲಿ ನೀಲಗಿರಿ ಬೆಟ್ಟ ಹತ್ತಿ, ಊಟಿಯಲ್ಲಿ ಮೊದಲ ಕಲ್ಲಿನ ಮನೆ ಕಟ್ಟಿಸಿ, ಕೆರೆ ಮಾಡಿಸಿದವರು. ಬೆಟ್ಟದ ನೆಲದ ಮೇಲೆ ತೋಡರ ಹಕ್ಕಿದೆಯೆಂದು ತಮ್ಮ ಸರ್ಕಾರದೊಡನೆಯೇ ವಾದಿಸಿದವರು. ಅವರ ಮಡದಿ ಮತ್ತು ಮಗಳು 1838ರಲ್ಲಿ ತೀರಿಕೊಂಡು ಊಟಿಯ ಸಂತ ಸ್ತೆಫಾನರ ದೇವಾಲಯದ ಅಂಗಳದಲ್ಲಿ ಮಲಗಿದ್ದಾರೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಅರಮನೆಯಿಂದ ಕಿತ್ತು ತಂದ ಮರದ ತೊಲೆಗಳಿಂದ ಕಟ್ಟಿದ ದೇವಾಲಯ ಅದು. ಸಲ್ಲಿವನ್ ಇಂಗ್ಲೆಂಡಿಗೆ ಮರಳಿ 1855ರಲ್ಲಿ ಸತ್ತರು. ಅವರ ಗೋರಿ ಎಲ್ಲಿದೆ ಎಂಬುದನ್ನೇ ಜನ ಮರೆತರು. ನೀಲಗಿರಿಯ ಚರಿತ್ರೆಯ ಆಸಕ್ತರು ಬೆನ್ನುಹತ್ತಿ ಹುಡುಕಿದ ಮೇಲೆ, ಒಂದೂವರೆ ಶತಮಾನ ಕಳೆದು, ಲಂಡನ್ನಿನ ಹೊರಗೆ ಸ್ಲೌ ಪಟ್ಟಣದ ಒಂದು ಹಳೆಯ ದೇವಾಲಯದ ಅಂಗಳದಲ್ಲಿ ಅದು ಗೊತ್ತಾಯಿತು. ಕಲೆಕ್ಟರ ಗತಿಯೇ ಹೀಗಾದರೆ ಅವರ ಬಾಗಿಲು ಕಾಯುವ ದಫೇದಾರನದು ಏನು ಎಂದೆವು. ಮಗ ನಕ್ಕರು.

ಅವಿನಾಶಿ ರಸ್ತೆಯಲ್ಲಿ ಕೊಂಚ ದಾರಿ ಬಿಟ್ಟು ಕರುಮತ್ತಂಪಟ್ಟಿಗೂ ಹೋದೆವು. ಕೊಂಗುನಾಡಿನ ಕಥೋಲಿಕರಿಗೆ ಅದು ತಾಯಿಮನೆ ಇದ್ದಂತೆ. 1640ರ ದಶಕದಲ್ಲಿ ಲಿಯೋನಾರ್ದೊ ಚಿನ್ನಾಮಿ ಎಂಬ ಇಟಲಿಯ ಯೇಸುಸಭೆ ಗುರುಗಳು ಮೈಸೂರು ಮಿಷನ್ನನ್ನು ಆರಂಭಿಸಿ, ಕನ್ನಡ ಕಲಿತು, ಕನ್ನಡದಲ್ಲೇ ಧರ್ಮೋಪದೇಶ ಬರೆದರು. ಆ ಮಿಷನ್ನಿನ ಬೇರುಗಳೇ ಈ ಸೀಮೆಗೂ ಇಳಿದವು. 1846ರ ಅಕ್ಟೋಬರ್ 4ರಂದು ಮೆಲ್ಕಿಯೋರ್ ದ ಮರಿಯೋಂ ಬ್ರೆಸಿಲ್ಯಾಕ್ ಧರ್ಮಾಧ್ಯಕ್ಷ ದೀಕ್ಷೆ ಪಡೆದದ್ದು ಇಲ್ಲಿ. ದೇಶೀಯ ಗುರುಗಳೇ ಸಭೆಯನ್ನು ನಡೆಸಬೇಕೆಂಬುದು ಅವರ ಹಟ. ಜಾತಿಯ ಆಚರಣೆಗಳ ವಿಷಯದಲ್ಲಿ ಮನಸ್ಸಾಕ್ಷಿಗೆ ಸಮಾಧಾನ ಸಿಗದೆ ಕೊನೆಗೆ ರಾಜೀನಾಮೆ ಕೊಟ್ಟರು, 1856ರಲ್ಲಿ ಆಫ್ರಿಕಾ ಮಿಷನ್ನಿಗಾಗಿ ಒಂದು ಸಭೆ ಸ್ಥಾಪಿಸಿದರು, 1859ರಲ್ಲಿ ಫ್ರೀಟೌನಿನಲ್ಲಿ ಜ್ವರಕ್ಕೆ ಬಲಿಯಾದರು. ಮಗ ಇದನ್ನು ಕೇಳಿ, "ಜಾತಿ ಗಲಾಟೆ ಆಗಲೂ ಇತ್ತಾ ಫಾದರ್?" ಎಂದರು. ಇತ್ತು.

ಮಧ್ಯಾಹ್ನದ ಹೊತ್ತಿಗೆ ನಮ್ಮ ಧರ್ಮಕೇಂದ್ರ ತಲುಪಿದೆವು. ಅಲ್ಲಿಯ ಗುರುಗಳು ಊಟ ಹಾಕಿ, ಕಪಾಟಿನ ಬೀಗ ತೆಗೆದು, ಪುಸ್ತಕಗಳನ್ನು ಹೊರಗಿಟ್ಟರು. ಗೆದ್ದಲು ತಿಂದು ಬಿಟ್ಟದ್ದರಲ್ಲಿ ಮದುವೆಯ ಪುಸ್ತಕ ಉಳಿದಿತ್ತು. 1894ರ ಒಂದು ಸಾಲಿನಲ್ಲಿ ತಾತ ಸಿಕ್ಕರು. ವಯಸ್ಸು ಸುಮಾರು 22. ತಂದೆಯ ಹೆಸರು ಇರಬೇಕಾದ ಜಾಗದಲ್ಲಿ ಎರಡು ಲತೀನ್ ಶಬ್ದ. ನಾವು ಅದನ್ನು ಓದಿಕೊಂಡೆವು, ಆದರೆ ಬಾಯಿ ಬಿಡಲಿಲ್ಲ. 'ಅನಾಥಾಲಯದಿಂದ' ಎಂದು ಅದರರ್ಥ.

ಲೆಕ್ಕ ಹಾಕಿದರೆ ಹುಟ್ಟಿದ್ದು 1872ರ ಸುಮಾರು. ಹಾಗಾದರೆ ಜ್ಞಾನಸ್ನಾನ ಯಾವಾಗ? 1877ರ ಪುಸ್ತಕ ತೆರೆದೆವು. ಮುಂಚಿನ ವರ್ಷಗಳಲ್ಲಿ ತಿಂಗಳಿಗೆ ನಾಲ್ಕೈದು ಹೆಸರು, ಬಿಡಿಸಿ ಬರೆದ ಚೆಂದದ ಅಕ್ಷರ. 1877ಕ್ಕೆ ಬಂದೊಡನೆ ಪುಟಕ್ಕೆ ಹದಿನೈದು, ಇಪ್ಪತ್ತು. ಅಕ್ಷರ ಓಡುತ್ತದೆ, ಶಾಯಿ ಚೆಲ್ಲಿದೆ. ಸಾಲು ಸಾಲಿಗೂ 'ಇನ್ ಪೆರಿಕುಲೊ ಮೊರ್ತಿಸ್', ಸಾವಿನ ಅಪಾಯದಲ್ಲಿ ಎಂಬ ಒಕ್ಕಣೆ. ಹೆಸರಿನ ಪಕ್ಕದಲ್ಲಿ ಪುಟ್ಟ ಶಿಲುಬೆ ಇದ್ದರೆ ಆಮೇಲೆ ಸತ್ತರು ಎಂದರ್ಥ.

ನಮ್ಮ ಅಜ್ಜಿಯಂದಿರು ಧಾತು ಸಂವತ್ಸರದ ಬರ ಎನ್ನುತ್ತಿದ್ದುದು ಇದನ್ನೇ. ತಮಿಳರಿಗೂ ಅದು ಧಾತು ವರುಷದ ಪಂಜವೇ. 1876ರಲ್ಲಿ ಮಳೆ ಕೈಕೊಟ್ಟು 1878ರವರೆಗೆ ಮೈಸೂರನ್ನೂ ಮದರಾಸು ಪ್ರಾಂತ್ಯವನ್ನೂ ಸುಟ್ಟಿತು. 1871ರ ಜನಗಣತಿಯಲ್ಲಿ ಹದಿನೇಳೂವರೆ ಲಕ್ಷ ಮೀರಿದ್ದ ಕೊಯಮತ್ತೂರು ಜಿಲ್ಲೆ 1881ರ ಹೊತ್ತಿಗೆ ಹದಿನಾರೂವರೆ ಲಕ್ಷಕ್ಕೆ ಇಳಿದಿತ್ತು. ಹತ್ತು ವರ್ಷದಲ್ಲಿ ಹೆಚ್ಚಬೇಕಾದ ಜನ ಲಕ್ಷದಷ್ಟು ಕಡಿಮೆಯಾಗಿದ್ದರು. ಮೈಸೂರು ಸಂಸ್ಥಾನದಲ್ಲಿ ಐವತ್ತು ಲಕ್ಷವಿದ್ದದ್ದು ನಲವತ್ತೆರಡು ಲಕ್ಷವಾಯಿತು. ಪರಿಹಾರ ಕಾಮಗಾರಿಯಲ್ಲಿ ದಿನವೆಲ್ಲ ಮಣ್ಣು ಹೊರುವ ಗಂಡಾಳಿಗೆ ಒಂದು ಪೌಂಡು ಧಾನ್ಯ ಸಾಕೆಂದು 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಕೂಲಿ ಇಳಿಸಿದರು. ಅಂದರೆ ಅರ್ಧ ಕಿಲೋಗೂ ಕಡಿಮೆ. ಊರು ಬಿಟ್ಟು ರಸ್ತೆ ಹಿಡಿದವರು ರಸ್ತೆಯಲ್ಲೇ ಉಳಿದರು. ಜೀವವಿದ್ದ ಮಕ್ಕಳನ್ನು ಉಪದೇಶಿಗಳೂ ಕನ್ಯಾಸ್ತ್ರೀಯರೂ ಎತ್ತಿ ತಂದರು.

ಅಂಥ ಒಂದು ಪುಟದಲ್ಲಿ ತಾತ ಇದ್ದರು. ವಯಸ್ಸು ಸುಮಾರು ಐದು. ತಂದೆತಾಯಿ: ಗೊತ್ತಿಲ್ಲ. ಊರು: ಬರೆದಿಲ್ಲ. ಜ್ಞಾನತಂದೆ: ಉಪದೇಶಿ. ಹೆಸರಿನ ಮುಂದೆ ಶಿಲುಬೆ ಇಲ್ಲ.

ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ನಮಗೆ ಒಂದು ಸುಳ್ಳು ಹೊಳೆಯಿತು. ಎದುರಿಗಿದ್ದವರಿಗೆ ಲತೀನು ಬಾರದು. 'ಅಕ್ಷರ ಅಳಿಸಿಹೋಗಿದೆ, ಓದಲಾಗುತ್ತಿಲ್ಲ' ಎಂದರೆ ಸಾಕಿತ್ತು. ಹಿರಿಯರು ತಮ್ಮ ಗಡಿಯ ದಂಡಿನೊಂದಿಗೆ ನೆಮ್ಮದಿಯಾಗಿ ಊರಿಗೆ ಮರಳುತ್ತಿದ್ದರು, ಮೊಮ್ಮಗಳ ಸಂಬಂಧಕ್ಕೂ ತೊಂದರೆಯಿರಲಿಲ್ಲ. ಬಹಳ ಹೊತ್ತು ಕನ್ನಡಕ ಒರೆಸಿದೆವು. ಆಮೇಲೆ ಸಾಲಿನ ಮೇಲೆ ಬೆರಳಿಟ್ಟು ಒಂದೊಂದೇ ಶಬ್ದ ಓದಿ ಕನ್ನಡದಲ್ಲಿ ಹೇಳಿದೆವು.

ಮಗ ಮೊದಲು ಮಾತಾಡಿದ್ದು, "ಫಾದರ್, ಇದು ಹೊರಗೆ ಹೋಗೋದು ಬೇಡ" ಎಂದು. ಹಿರಿಯರು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಪುಟದ ಮೇಲೆ ಬಗ್ಗಿದ್ದರು.

"ಈ ಶಿಲುಬೆ ಇರೋರೆಲ್ಲ ಹೋದೋರಾ ಸ್ವಾಮಿ?"

"ಹೌದು ಯಜಮಾನರೇ."

ಅವರು ಬೆರಳಿನಿಂದ ಎಣಿಸತೊಡಗಿದರು. ಆ ಪುಟದಲ್ಲಿ 17 ಹೆಸರು, 14 ಶಿಲುಬೆ. ಎಣಿಸಿ ಮುಗಿಸಿ ಕುರ್ಚಿಗೆ ಒರಗಿದರು.

"ನಮ್ಮಪ್ಪ ಹೇಳ್ತಿದ್ರು. ತಾತ ಸಾಯೋವರ್ಗೂ ಮಂಚದ ಕೆಳಗೆ ಒಂದು ಮೂಟೆ ರಾಗಿ ಇಟ್ಕೊಂಡಿದ್ರಂತೆ. ಮನೇಲಿ ಎಷ್ಟೇ ಇದ್ರೂ ಅದನ್ನ ಯಾರೂ ಮುಟ್ಟಂಗಿರ್ಲಿಲ್ಲ. ಹುಳ ಬಿದ್ರೆ ಕೇರಿ ಮತ್ತೆ ತುಂಬಿಸಿ ಇಡ್ತಿದ್ರಂತೆ. ಜಿಪುಣ ಅಂತ ಎಲ್ರೂ ನಗ್ತಿದ್ವಿ."

ಅಷ್ಟು ಹೇಳಿ ಸುಮ್ಮನಾದರು. ಅಲ್ಲಿಯ ಗುರುಗಳು ಎದ್ದು ಚಹಾ ತರಲು ಹೋದರು.

ಗಜ್ಜಲಹಟ್ಟಿಯ ಕಥೆ ಎಲ್ಲಿ ಹುಟ್ಟಿತೋ ನಾವು ಹೇಳಲಾರೆವು. ಅನಾಥಾಲಯದಲ್ಲಿ ಓದುಬರಹ ಕಲಿತ ಹುಡುಗನಿಗೆ ಸರ್ಕಾರಿ ಕಚೇರಿಯಲ್ಲಿ ಜವಾನನ ಕೆಲಸ ಸಿಕ್ಕಿ, ಒಂದೇ ಜಿಲ್ಲೆಯಾಗಿದ್ದ ಕಾರಣ ಘಾಟಿ ಹತ್ತಿ ಕೊಳ್ಳೇಗಾಲಕ್ಕೆ ವರ್ಗವಾಗಿ, ಅಲ್ಲಿ ಮಕ್ಕಳು ಕನ್ನಡಿಗರಾದರು ಎಂಬುದು ನಮ್ಮ ಊಹೆ. ಅಪ್ಪಅಮ್ಮ ಯಾರೆಂದು ಮಕ್ಕಳು ಕೇಳಿದಾಗ ಆತ ಏನಾದರೂ ಒಂದು ಹೇಳಲೇಬೇಕಾಗಿತ್ತಲ್ಲವೇ?

ನಿಮ್ಮ ಮನೆಯ ಹಿರಿಯರನ್ನು ಹುಡುಕಹೊರಡುವವರಿಗೆ ಎರಡು ಮಾತು. ಪುಸ್ತಕಕ್ಕಿಂತ ಮುಂಚೆ ಮನೆಯ ಮುದುಕರ ಹತ್ತಿರ ಕೂತುಕೊಳ್ಳಿ. ಪುಸ್ತಕ ಇನ್ನೂ ಹತ್ತು ವರ್ಷ ಕಾಯುತ್ತದೆ, ಅವರು ಕಾಯುವುದಿಲ್ಲ. ಧರ್ಮಕೇಂದ್ರಕ್ಕೆ ಹೋಗುವ ಮುನ್ನ ಪತ್ರ ಬರೆದು ಅಲ್ಲಿಯ ಗುರುಗಳ ಅನುಮತಿ ಪಡೆಯಿರಿ, ಭಾನುವಾರ ಹೋಗಬೇಡಿ. ಜಮೀನಿದ್ದ ಕುಟುಂಬವಾದರೆ ಪೈಮಾಷಿ, ಪಟ್ಟಾ, ಇನಾಮು ದಫ್ತರಗಳು ಮಾತಾಡುತ್ತವೆ; ಹಳೆಯ ಜಿಲ್ಲಾ ಕಡತಗಳು ಚೆನ್ನೈನ ಎಗ್ಮೋರಿನ ತಮಿಳುನಾಡು ಪತ್ರಾಗಾರದಲ್ಲಿವೆ. ನಿಮ್ಮ ಹಿರಿಯರಿಗೆ ಜ್ಞಾನಸ್ನಾನ ಕೊಟ್ಟ ಫ್ರೆಂಚ್ ಗುರುಗಳ ಜೀವನ ವಿವರ ಪ್ಯಾರಿಸ್ ಮಿಷನ್ ಸಂಸ್ಥೆಯ ದಾಖಲೆಗಳಲ್ಲಿ ಸಿಗುತ್ತದೆ. ಜ್ಞಾನಸ್ನಾನ ಪಡೆದವರದು ಸಿಗದಿದ್ದರೂ ಕೊಟ್ಟವರದು ಸಿಗುತ್ತದೆ, ಇದೊಂದು ಸೋಜಿಗ. ಇನ್ನು ನಮ್ಮ ಗುರುಬಂಧುಗಳಿಗೆ ಒಂದು ವಿನಂತಿ: ಹಳೆಯ ಪುಸ್ತಕಗಳ ಫೋಟೋ ತೆಗೆಸಿಡಿ. ನಾವು ನೋಡಿದ ಕಪಾಟಿನಲ್ಲಿ ಎರಡು ಪುಸ್ತಕ ಆಗಲೇ ಪುಡಿಯಾಗಿದ್ದವು.

ಮೊಮ್ಮಗಳ ಸಂಬಂಧ ಏನಾಯಿತೆಂದು ಕೇಳುವಿರಿ. ಆ ಸಂಬಂಧ ಮುಂದುವರಿಯಲಿಲ್ಲ. ಕಾರಣ ಇದೇ ಎಂದು ನಾವು ಹೇಳುವುದಿಲ್ಲ. ಹುಡುಗಿಯೇ ಬೇಡ ಎಂದಳೆಂದು ಅವಳ ತಾಯಿ ಹೇಳಿದರು. ಬರೆಯಲು ಅನುಮತಿ ಕೊಡಿಸಿದ್ದೂ ಆ ಹುಡುಗಿಯೇ. ಹೆಸರು ಬೇಡ, ವಿಷಯ ಬರೀರಿ ಫಾದರ್ ಎಂದು ತಂದೆಯ ಎದುರಿನಲ್ಲೇ ಹೇಳಿದಳು.

ಮುಂದಿನ ನವೆಂಬರಿನಲ್ಲಿ ಹಿರಿಯರ ಚೀಟಿ ಬಂತು. ಮೊಮ್ಮಗಳ ಕೈಬರಹ. ತಂದೆ, ತಾಯಿ, ತಾತ, ಅಜ್ಜಿ. ಅದರ ಕೆಳಗೆ: 'ತಾತನ ಅಪ್ಪ, ತಾತನ ಅಮ್ಮ, ಹೆಸರು ಗೊತ್ತಿಲ್ಲ.' ಅದರ ಕೆಳಗೆ ಇನ್ನೊಂದು ಸಾಲು: 'ಅದೇ ಪುಟದ 14 ಜನ.' ಆ 14 ಹೆಸರುಗಳನ್ನು ಹಿರಿಯರು ಅಂದೇ ಒಂದು ಹಾಳೆಯಲ್ಲಿ ಮಗನ ಕೈಯಲ್ಲಿ ಬರೆಸಿಕೊಂಡಿದ್ದರಂತೆ. ಹಾಳೆಯನ್ನು ಚೀಟಿಗೆ ಪಿನ್ ಮಾಡಿ ಕಳಿಸಿದ್ದರು. ಎಲ್ಲವನ್ನೂ ಓದಿದೆವು. ಆ ದಿನ ಬಲಿಪೂಜೆ ಸ್ವಲ್ಪ ತಡವಾಯಿತು.